ಅಳಿಸಿಹೋದ ಬಾಣಗಳು: ಆಕ್ಷನ್ ಚಿತ್ರ ಮನೆಯ ಪರದೆಗೆ ಬರುವ ದಾರಿ

ರಿಡ್ಲಿ ಸ್ಕಾಟ್ ನಿರ್ದೇಶಿಸಿ 2000ದಲ್ಲಿ ತೆರೆಕಂಡ 'ಗ್ಲಾಡಿಯೇಟರ್' ಚಿತ್ರದ ಆರಂಭದಲ್ಲಿ ಒಂದು ಯುದ್ಧವಿದೆ. ರೋಮನ್ ಸೈನಿಕರು ಬೆಂಕಿ ಹಚ್ಚಿದ ಬಾಣಗಳನ್ನು ಜರ್ಮೇನಿಯಾದ ಕಾಡಿನತ್ತ ಬಿಡುತ್ತಾರೆ, ಮಬ್ಬು ಬೆಳಕಿನ ಆಕಾಶದ ತುಂಬ ಕಿಡಿಗಳು ಹಾರುತ್ತವೆ. 2009ರಲ್ಲಿ ಈ ಚಿತ್ರ ಬ್ಲೂ-ರೇ ಡಿಸ್ಕಿನಲ್ಲಿ ಬಂದಾಗ, ಫ್ರೇಮ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದವರು ದಿಗಿಲುಗೊಂಡರು. ಹಾರಬೇಕಿದ್ದ ಬಾಣಗಳಲ್ಲಿ ಕೆಲವು ಅಲ್ಲಿ ಇರಲೇ ಇಲ್ಲ. ಫಿಲಂ ಮೇಲಿನ ಧೂಳು, ಗೀರುಗಳನ್ನು ತೆಗೆಯಲೆಂದು ಓಡಿಸಿದ ಸಾಫ್ಟ್‌ವೇರ್ ಅವುಗಳನ್ನೂ ಕಸವೆಂದೇ ಎಣಿಸಿ ಅಳಿಸಿಹಾಕಿತ್ತು. ಅಂಥ ಸಾಫ್ಟ್‌ವೇರ್ ಪ್ರತಿ ಫ್ರೇಮನ್ನೂ ಅದರ ಹಿಂದಿನ ಮತ್ತು ಮುಂದಿನ ಫ್ರೇಮ್‌ಗಳ ಜೊತೆ ಹೋಲಿಸುತ್ತದೆ. ಒಂದು ಚುಕ್ಕೆ ಒಂದೇ ಫ್ರೇಮಿನಲ್ಲಿ ಕಂಡು, ಅಕ್ಕಪಕ್ಕದ ಫ್ರೇಮ್‌ಗಳಲ್ಲಿ ಅದೇ ಜಾಗದಲ್ಲಿ ಕಾಣದಿದ್ದರೆ ಅದು ಧೂಳು ಎಂದು ತೀರ್ಮಾನಿಸುತ್ತದೆ. ವೇಗವಾಗಿ ಹಾರುವ ಬಾಣವೂ ಹಾಗೆಯೇ ತಾನೆ, ಒಂದು ಫ್ರೇಮಿನಲ್ಲಿ ಇಲ್ಲಿ, ಮುಂದಿನದರಲ್ಲಿ ಎಲ್ಲೋ. ಮರುವರ್ಷ ಹೊಸದಾಗಿ ಸಿದ್ಧಪಡಿಸಿದ ಡಿಸ್ಕ್ ಬಂದು ಆ ತಪ್ಪು ಸರಿಹೋಯಿತು.

ಆ ಎರಡೂ ಡಿಸ್ಕ್‌ಗಳ ರೆಸಲ್ಯೂಷನ್ ಒಂದೇ, ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ಮಾತ್ರ ನೋಡಿ ಕೊಂಡವರಿಗೆ ಒಂದರಲ್ಲಿ ಬಾಣ ಇದೆ, ಇನ್ನೊಂದರಲ್ಲಿ ಇಲ್ಲ ಎಂಬುದು ತಿಳಿಯುವ ದಾರಿಯೇ ಇರಲಿಲ್ಲ. ಮನೆಯಲ್ಲಿ ನೋಡುವ ಚಿತ್ರದ ಗುಣಮಟ್ಟ ತೀರ್ಮಾನವಾಗುವುದು ಕ್ಯಾಮೆರಾದ ನೆಗೆಟಿವ್‌ನಿಂದ ಹೊರಟು ನಮ್ಮ ಟಿವಿಯವರೆಗೆ ಅದು ಹಾದು ಬರುವ ದಾರಿಯಲ್ಲಿ, ಆ ದಾರಿಯ ಒಂದೊಂದು ತಿರುವಿನಲ್ಲಿ ಯಾರೋ ಕೈಗೊಂಡ ನಿರ್ಧಾರಗಳಲ್ಲಿ. ಈ ದಾರಿಯಲ್ಲಿ ಆಕ್ಷನ್ ಚಿತ್ರಗಳಿಗೆ ಬೀಳುವಷ್ಟು ಪೆಟ್ಟು ಬೇರಾವ ಬಗೆಯ ಚಿತ್ರಕ್ಕೂ ಬೀಳುವುದಿಲ್ಲ.

ಮೊದಲು ಗ್ರೇನ್ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಡಿಸ್ಕ್‌ಗಳ ಗುಣಮಟ್ಟದ ಬಗೆಗಿನ ಬಹುಪಾಲು ಜಗಳಗಳ ಬೇರು ಅಲ್ಲೇ ಇದೆ. ಫಿಲಂ ಮೇಲೆ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳ ಲೇಪವಿರುತ್ತದೆ. ಬಣ್ಣದ ಫಿಲಂ ತೊಳೆದಾಗ ಆ ಹರಳುಗಳು ಇದ್ದ ಕಡೆ ಬಣ್ಣದ ಪುಟ್ಟ ಮೋಡಗಳು ಉಳಿಯುತ್ತವೆ, ಅವುಗಳಿಂದಲೇ ಚಿತ್ರ ಮೂಡುತ್ತದೆ. ಹತ್ತಿರದಿಂದ ನೋಡಿದರೆ ನುಣ್ಣಗಿನ ಗೋಡೆಯೂ ಚಿರೋಟಿ ರವೆ ಹರಡಿದಂತೆ ಕಾಣುತ್ತದೆ. ಪ್ರತಿ ಫ್ರೇಮಿನಲ್ಲೂ ಈ ಕಣಗಳ ಹರವು ಬೇರೆ ಬೇರೆಯಾಗಿರುವುದರಿಂದ ಚಿತ್ರ ಓಡುವಾಗ ಅವು ಸದಾ ಮಿಡಿಯುತ್ತಿರುತ್ತವೆ. ಬೆಳಕು ಕಡಿಮೆ ಇರುವಲ್ಲಿ ಚಿತ್ರೀಕರಿಸಲು ಹೆಚ್ಚು ಸಂವೇದನೆಯ ಫಿಲಂ ಬೇಕು, ಅಂಥ ಫಿಲಂನ ಹರಳುಗಳು ದಪ್ಪ, ಆದ್ದರಿಂದ ಗ್ರೇನ್ ಕೂಡ ದಪ್ಪ. ಆಕ್ಷನ್ ಚಿತ್ರಗಳಲ್ಲಿ ರಾತ್ರಿ, ಕಾಡು, ಸುರಂಗ, ಮಳೆ ಹೆಚ್ಚು. ಹಾಗಾಗಿ ಗ್ರೇನ್ ಕೂಡ ಹೆಚ್ಚು. ಮುಖದ ಬೆವರು, ಬಟ್ಟೆಯ ನೇಯ್ಗೆ, ಬಂಡೆಯ ತರಿ, ಇವೆಲ್ಲ ಆ ಕಣಗಳಲ್ಲೇ ಬರೆದವು. ಕಣಗಳನ್ನು ತೆಗೆದು ವಿವರಗಳನ್ನು ಮಾತ್ರ ಉಳಿಸಿಕೊಳ್ಳುತ್ತೇನೆಂದು ಹೊರಟವರು ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತವರಂತಲ್ಲ. ಇಲ್ಲಿ ಕಲ್ಲೆಂದು ಎಸೆಯುವುದೆಲ್ಲ ಅಕ್ಕಿಯೇ.

ಇದಕ್ಕೆ ತಕ್ಕ ನಿದರ್ಶನ ಜಾನ್ ಮೆಕ್‌ಟಿಯರ್ನನ್ ನಿರ್ದೇಶನದ 1987ರ 'ಪ್ರಿಡೇಟರ್'. ಮೆಕ್ಸಿಕೋದ ದಟ್ಟ ಕಾಡಿನಲ್ಲಿ, ಎಲೆಗಳ ಚಪ್ಪರದಡಿ ಸೋಸಿ ಬರುವ ಬೆಳಕಿನಲ್ಲಿ ಅದರ ಹೆಚ್ಚಿನ ಭಾಗವನ್ನು ಚಿತ್ರೀಕರಿಸಲಾಯಿತು. 2008ರಲ್ಲಿ ಬಂದ ಅದರ ಮೊದಲ ಬ್ಲೂ-ರೇ ತರಿತರಿಯಾಗಿದೆಯೆಂದು ಹಲವರು ದೂರಿದರು. 2010ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಗ್ರೇನ್ ತಗ್ಗಿಸುವ ಸಂಸ್ಕರಣೆಯನ್ನು ವಿಪರೀತವಾಗಿ ಮಾಡಿದ್ದರು. ನೆಗಡಿಯೆಂದು ಮೂಗು ಕೊಯ್ದಂತಾಯಿತು. ಆರ್ನಾಲ್ಡ್ ಶ್ವಾರ್ಜನೆಗರ್ ಅವರ ಮುಖದ ಮೇಲೆ ಕಾಡಿನ ಬಣ್ಣ, ಬೆವರು, ಕೆಸರು ಎಲ್ಲ ಇದ್ದರೂ ಚರ್ಮದ ರಂಧ್ರಗಳೇ ಇರಲಿಲ್ಲ. ಮೇಣದ ಗೊಂಬೆಗೆ ಎಣ್ಣೆ ಸವರಿ ನಿಲ್ಲಿಸಿದಂತೆ ಕಾಣುತ್ತಿತ್ತು. ಹಿನ್ನೆಲೆಯ ಎಲೆಗಳು ಒಂದರೊಳಗೊಂದು ಕಲಸಿ ಹಸಿರು ಮುದ್ದೆಯಾಗಿದ್ದವು. ಕಾಡಿನಲ್ಲಿ ಯಾರೋ ಅಡಗಿ ನೋಡುತ್ತಿದ್ದಾರೆ ಎಂಬ ಭಯವೇ ಆ ಚಿತ್ರದ ಜೀವ. ಎಲೆಗಳೇ ಕಾಣದ ಮೇಲೆ ಅಡಗುವವನೆಲ್ಲಿ, ಹುಡುಕುವ ಕಣ್ಣೆಲ್ಲಿ? 2018ರಲ್ಲಿ ಬಂದ, ಬ್ಲೂ-ರೇಯ ನಾಲ್ಕು ಪಟ್ಟು ಚುಕ್ಕೆಗಳಿರುವ 4ಕೆ ಡಿಸ್ಕಿನಲ್ಲಿ ಗ್ರೇನ್ ಮರಳಿತು, ಅದರ ಜೊತೆಗೆ ಕಾಡೂ ಮರಳಿತು.

ಹೀಗೆ ನಯಗೊಳಿಸಿದ ಚಿತ್ರ ಮಂಕಾಗಿ ಕಾಣುವುದರಿಂದ ಅದರ ಹಿಂದೆಯೇ ಅಂಚು ತೀಡುವ ಇನ್ನೊಂದು ಸಂಸ್ಕರಣೆ ಬರುತ್ತದೆ. ಆಗ ಕಪ್ಪು ವಸ್ತುಗಳ ಸುತ್ತ ತೆಳ್ಳನೆಯ ಬಿಳಿ ಗೆರೆಯೊಂದು ಏಳುತ್ತದೆ. ಆಕಾಶದ ಎದುರು ನಿಂತ ಮನುಷ್ಯನ ಹೆಗಲನ್ನು ನೋಡಿದರೆ ಈ ಗೆರೆ ಸುಲಭವಾಗಿ ಸಿಗುತ್ತದೆ.

ಜೇಮ್ಸ್ ಕ್ಯಾಮರೂನ್ ಅವರ ಚಿತ್ರಗಳ ವಿಷಯ ಇನ್ನೂ ಜಟಿಲ. 1991ರ 'ಟರ್ಮಿನೇಟರ್ 2' ಚಿತ್ರವನ್ನು 2017ರಲ್ಲಿ ತ್ರೀಡಿಗೆ ಪರಿವರ್ತಿಸಿ ಮತ್ತೆ ಬಿಡುಗಡೆ ಮಾಡಿದರು, ಅದೇ ಮಾಸ್ಟರ್‌ನಿಂದ, ಅಂದರೆ ಡಿಸ್ಕ್‌ಗಳಿಗೆ ಮೂಲವಾಗುವ ಪ್ರತಿಯಿಂದ, ಬಂದ 4ಕೆ ಡಿಸ್ಕಿನಲ್ಲಿ ಗ್ರೇನ್ ಬಹುಮಟ್ಟಿಗೆ ಮಾಯವಾಗಿತ್ತು. 2024ರ ಮಾರ್ಚ್‌ನಲ್ಲಿ 'ಏಲಿಯೆನ್ಸ್', 'ದಿ ಅಬಿಸ್', 'ಟ್ರೂ ಲೈಸ್' ಚಿತ್ರಗಳ 4ಕೆ ಡಿಸ್ಕ್‌ಗಳು ಬಂದವು. ನ್ಯೂಜಿಲೆಂಡಿನ ಪಾರ್ಕ್ ರೋಡ್ ಪೋಸ್ಟ್ ಸ್ಟುಡಿಯೋದಲ್ಲಿ ಯಂತ್ರಕಲಿಕೆಯ ನೆರವಿನಿಂದ ಅವುಗಳ ಗ್ರೇನ್ ತಗ್ಗಿಸಿ, ವಿವರಗಳನ್ನು ಮೊನಚುಗೊಳಿಸಲಾಗಿತ್ತು. ಇಂಥ ಯಂತ್ರ ಸಾವಿರಾರು ಚಿತ್ರಗಳನ್ನು ನೋಡಿ ಕಲಿತು, ಇಲ್ಲಿ ಒಂದು ಸುಕ್ಕು ಇದ್ದಿರಬೇಕು, ಅಲ್ಲಿ ಒಂದು ಕೂದಲು ಇದ್ದಿರಬೇಕು ಎಂದು ಊಹಿಸಿ ತುಂಬುತ್ತದೆ. ನೆಗೆಟಿವ್‌ನಲ್ಲಿ ಇಲ್ಲದ ಗೆರೆಯೂ ಹಾಗೆ ಹುಟ್ಟಿಕೊಳ್ಳಬಹುದು. ಮೂರರಲ್ಲಿ 'ಟ್ರೂ ಲೈಸ್' ಬಗ್ಗೆ ಅತಿ ಹೆಚ್ಚು ಅಸಮಾಧಾನ ಕೇಳಿಬಂತು. ನಿರ್ದೇಶಕರೇ ಒಪ್ಪಿದ ರೂಪವಿದು ಎಂಬ ವಾದಕ್ಕೆ ತೂಕವಿದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೂ ಮೂವತ್ತು ವರ್ಷದ ಹಿಂದೆ ಛಾಯಾಗ್ರಾಹಕ ಆರಿಸಿಕೊಂಡ ಫಿಲಂ, ಹೊಂದಿಸಿದ ಬೆಳಕು ಆ ಚಿತ್ರದ ಭಾಗವೇ ಎಂದು ನಂಬುವವನು ನಾನು. ಹೊಸ ರೂಪ ಬರಲಿ, ಹಳೆಯ ರೂಪವೂ ಕೊಳ್ಳಲು ಸಿಗುವಂತಿರಲಿ ಎಂಬುದಷ್ಟೇ ನನ್ನ ಬೇಡಿಕೆ.

ಇನ್ನು ಡಿಸ್ಕಿನೊಳಗೆ ಚಿತ್ರವನ್ನು ತುಂಬುವ ಲೆಕ್ಕಕ್ಕೆ ಬರೋಣ. 1920 × 1080 ಅಂದರೆ ಒಂದು ಫ್ರೇಮಿಗೆ ಸುಮಾರು 20.7 ಲಕ್ಷ ಚುಕ್ಕೆಗಳು. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಎರಡು ಗಂಟೆಯ ಚಿತ್ರದಲ್ಲಿ 1,72,800 ಫ್ರೇಮ್‌ಗಳಿರುತ್ತವೆ. ಬ್ಲೂ-ರೇ ಬಳಸುವ ರೀತಿಯಲ್ಲಿ ಬಣ್ಣದ ಮಾಹಿತಿಯನ್ನು ಮೊದಲೇ ಕಾಲುಭಾಗಕ್ಕೆ ಇಳಿಸಿದರೂ, ಇಷ್ಟನ್ನೂ ಇದ್ದಂತೆಯೇ ಬರೆದಿಡಲು ಸುಮಾರು 537 ಜಿಬಿ ಬೇಕು. ಬ್ಲೂ-ರೇ ಡಿಸ್ಕಿನಲ್ಲಿ ಇರುವುದು ಹೆಚ್ಚೆಂದರೆ 50 ಜಿಬಿ, ಅದರಲ್ಲೇ ಧ್ವನಿಗೂ ಜಾಗ ಕೊಡಬೇಕು. ಆದ್ದರಿಂದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚನ್ನು ಬಿಟ್ಟು, ಬಿಟ್ಟದ್ದು ಕಣ್ಣಿಗೆ ತಿಳಿಯದಂತೆ ನೋಡಿಕೊಳ್ಳಬೇಕು. ಕಂಪ್ರೆಷನ್ ಎಂದರೆ ಇದೇ.

ಅದರ ಉಪಾಯ ಸರಳ. ಒಂದು ಫ್ರೇಮನ್ನು ಪೂರ್ತಿಯಾಗಿ ಬರೆದುಕೊಂಡು, ಮುಂದಿನ ಫ್ರೇಮ್‌ಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದುಕೊಳ್ಳುವುದು. ಚಿತ್ರವನ್ನು ಚೌಕಗಳಾಗಿ ಹೋಳು ಮಾಡಿ, ಈ ಚೌಕ ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಎಂದು ಹುಡುಕಿ, 'ಎಡಕ್ಕೆ ಹನ್ನೆರಡು ಚುಕ್ಕೆ ಸರಿದಿದೆ' ಎಂದಷ್ಟೇ ಗುರುತು ಹಾಕಿಕೊಂಡರೆ ಬಹಳ ಜಾಗ ಉಳಿಯುತ್ತದೆ. ಇಬ್ಬರು ಜಗಲಿಯ ಮೇಲೆ ಕೂತು ಮಾತಾಡುವ ದೃಶ್ಯಕ್ಕೆ ಈ ಉಪಾಯ ಹೇಳಿ ಮಾಡಿಸಿದಂತಿದೆ. ಗೋಡೆ ಅಲ್ಲೇ, ಕಂಬ ಅಲ್ಲೇ, ತುಟಿ ಮಾತ್ರ ಅಲುಗುತ್ತದೆ. ಅದೇ ಒಂದು ಜೀಪು ಸ್ಫೋಟವಾಗುವ ದೃಶ್ಯವನ್ನು ನೆನೆಸಿಕೊಳ್ಳಿ. ಬೆಂಕಿ ಪ್ರತಿ ಫ್ರೇಮಿನಲ್ಲೂ ಬೇರೆ ಆಕಾರ ತಳೆಯುತ್ತದೆ, ಹೊಗೆ ಹಿಂದಿನದೆಲ್ಲವನ್ನೂ ಮುಚ್ಚುತ್ತಾ ಸಾಗುತ್ತದೆ, ಮಣ್ಣು ಸಾವಿರ ಚೂರುಗಳಾಗಿ ಸಾವಿರ ದಿಕ್ಕಿಗೆ ಚೆಲ್ಲುತ್ತದೆ, ಕ್ಯಾಮೆರಾ ಕೈಯಲ್ಲೇ ಅದುರುತ್ತದೆ, ಅರ್ಧ ಸೆಕೆಂಡಿಗೊಮ್ಮೆ ಶಾಟ್ ಬದಲಾಗುತ್ತದೆ. ಹಿಂದಿನ ಫ್ರೇಮಿನಿಂದ ಎರವಲು ತರಲು ಏನೂ ಉಳಿದಿರುವುದಿಲ್ಲ. 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರದ ಕಡಲತೀರದ ಕಾಳಗವನ್ನು ಶಟರ್ ಕೋನ ಕಿರಿದಾಗಿಸಿ, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತನ್ನು ಕಡಿಮೆ ಮಾಡಿ, ಚಿತ್ರೀಕರಿಸಿದ್ದರಿಂದ ಚಲನೆಯ ಮಸುಕೂ ಇಲ್ಲದೆ ಪ್ರತಿ ಮರಳಿನ ಹೆಂಟೆ ಗಾಳಿಯಲ್ಲಿ ಚೂಪಾಗಿ ನಿಲ್ಲುತ್ತದೆ. ನೋಡುವವರಿಗೆ ಅದು ಎದೆ ನಡುಗಿಸುವ ದೃಶ್ಯ. ಅದನ್ನು ಕುಗ್ಗಿಸಿ ಡಿಸ್ಕಿಗೆ ಇಳಿಸಬೇಕಾದ ತಂತ್ರಜ್ಞರಿಗೆ ಕಠಿಣ ಪರೀಕ್ಷೆ. ಇದಕ್ಕೆ ಗ್ರೇನ್ ಬೇರೆ ಸೇರಿದರೆ, ಫ್ರೇಮಿನಿಂದ ಫ್ರೇಮಿಗೆ ತಾಳೆಯಾಗದ ಆ ಕಣಗಳು ಬಿಟ್‌ರೇಟ್‌ನ, ಅಂದರೆ ಪ್ರತಿ ಸೆಕೆಂಡಿಗೆ ಸಿಗುವ ಮಾಹಿತಿಯ, ದೊಡ್ಡ ಪಾಲನ್ನು ನುಂಗಿಬಿಡುತ್ತವೆ. ಕೆಲವು ಸಂಸ್ಥೆಗಳಿಗೆ ಗ್ರೇನ್ ಅಳಿಸುವ ಆಸೆ ಹುಟ್ಟಲು ಇದೂ ಒಂದು ಕಾರಣ.

ಜಾಗ ಸಾಲದಾದಾಗ ಏನಾಗುತ್ತದೆ ಎಂಬುದನ್ನು ನಮ್ಮ ತಲೆಮಾರಿನವರು ವಿಸಿಡಿಯಲ್ಲಿ ಕಣ್ಣಾರೆ ಕಂಡಿದ್ದೇವೆ. ವಿಸಿಡಿಯ ಚಿತ್ರ 352 × 288, ಅಂದರೆ ಫ್ರೇಮಿಗೆ ಒಂದು ಲಕ್ಷದಷ್ಟೇ ಚುಕ್ಕೆಗಳು. ಬಿಟ್‌ರೇಟ್ ಸೆಕೆಂಡಿಗೆ 1.15 ಮೆಗಾಬಿಟ್. ಒಂದು ಡಿಸ್ಕಿನಲ್ಲಿ ಹಿಡಿಸುತ್ತಿದ್ದದ್ದು 74 ರಿಂದ 80 ನಿಮಿಷ, ಹೀಗಾಗಿ ನಮ್ಮ ಚಿತ್ರಗಳು ಎರಡು ಅಥವಾ ಮೂರು ಡಿಸ್ಕ್‌ಗಳಲ್ಲಿ ಬರುತ್ತಿದ್ದವು. ಒಕ್ಕಣೆಯ ಕಣದಲ್ಲಿ ಹುಲ್ಲು ಹಾರಿಸುತ್ತಾ ನಡೆಯುವ ಹೊಡೆದಾಟವೊಂದನ್ನು ನಾನು ಬಾಡಿಗೆಗೆ ತಂದ ವಿಸಿಡಿಯಲ್ಲಿ ನೋಡಿದ್ದು ಇನ್ನೂ ನೆನಪಿದೆ. ನಾಯಕ ನಿಂತಿರುವವರೆಗೆ ಅವನ ಅಂಗಿಯ ಗೆರೆಗಳು ಕಾಣುತ್ತಿದ್ದವು. ಮೊದಲ ಏಟು ಬಿದ್ದು ಹೊಟ್ಟು ಮೇಲೆದ್ದ ಕೂಡಲೇ ಪರದೆಯೆಲ್ಲ ಚದುರಂಗದ ಮಣೆಯಂತೆ ಚೌಕ ಚೌಕವಾಗಿ ಒಡೆದುಹೋಯಿತು. ಏಟು ಯಾರಿಗೆ ಬಿತ್ತು ಎಂಬುದು ಹೊಟ್ಟು ಇಳಿದ ಮೇಲಷ್ಟೇ ತಿಳಿಯಿತು. 1996ರ ಕೊನೆಯಲ್ಲಿ ಜಪಾನಿನಲ್ಲಿ ಆರಂಭವಾದ ಡಿವಿಡಿ, ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ 720 × 576 ಚುಕ್ಕೆಗಳನ್ನೂ ಸೆಕೆಂಡಿಗೆ ಗರಿಷ್ಠ 9.8 ಮೆಗಾಬಿಟ್ ದರವನ್ನೂ ತಂದಿತು. 2006ರ ಬ್ಲೂ-ರೇ ಆ ಮಿತಿಯನ್ನು 40 ಮೆಗಾಬಿಟ್‌ಗೆ ಏರಿಸಿತು. 2016ರಲ್ಲಿ ಬಂದ 4ಕೆ ಬ್ಲೂ-ರೇ ಫ್ರೇಮಿಗೆ ಸುಮಾರು 83 ಲಕ್ಷ ಚುಕ್ಕೆಗಳನ್ನು, 100 ಜಿಬಿವರೆಗಿನ ಡಿಸ್ಕನ್ನು, ಎಚ್‌ಇವಿಸಿ ಎಂಬ ಹೆಚ್ಚು ಜಾಣ ಕಂಪ್ರೆಷನ್ ವಿಧಾನವನ್ನು ತಂದಿತು.

ಆದರೆ 4ಕೆ ಡಿಸ್ಕಿನ ಹೆಚ್ಚಿನ ಲಾಭ ಚುಕ್ಕೆಗಳ ಸಂಖ್ಯೆಯಲ್ಲಿಲ್ಲ ಎಂಬುದು ನನ್ನ ಅನುಭವ. ಹಳೆಯ ಬ್ಲೂ-ರೇ ಪ್ರತಿ ಬಣ್ಣಕ್ಕೆ 8 ಬಿಟ್ ಬಳಸುತ್ತದೆ, ಅಂದರೆ ಕತ್ತಲಿನಿಂದ ಬೆಳಕಿಗೆ 256 ಮೆಟ್ಟಿಲುಗಳು. 4ಕೆ ಡಿಸ್ಕಿನಲ್ಲಿ 10 ಬಿಟ್, ಅಂದರೆ 1024 ಮೆಟ್ಟಿಲುಗಳು. ಹೊಗೆ ತುಂಬಿದ ಗೋದಾಮಿನಲ್ಲಿ ಟಾರ್ಚ್ ಬೆಳಕು ಬಿದ್ದಾಗ, ಮೆಟ್ಟಿಲು ಕಡಿಮೆಯಿದ್ದರೆ ಬೆಳಕಿನ ಸುತ್ತ ಮರದ ಕಾಂಡ ಕೊಯ್ದಾಗ ಕಾಣುವಂಥ ಉಂಗುರಗಳು ಏಳುತ್ತವೆ. ಮೆಟ್ಟಿಲು ಹೆಚ್ಚಿದ್ದರೆ ಬೆಳಕು ನವಿರಾಗಿ ಕರಗುತ್ತದೆ. ಇದರ ಜೊತೆಗೆ ಕತ್ತಲು ಬೆಳಕುಗಳ ಹರವನ್ನು ಹಿಗ್ಗಿಸುವ ಎಚ್‌ಡಿಆರ್ ಇದೆ. ಮೊದಲಿನ ಮಾಸ್ಟರ್‌ಗಳನ್ನು 100 ನಿಟ್ ಹೊಳಪಿಗೆ ಹೊಂದಿಸುತ್ತಿದ್ದರು. ಎಚ್‌ಡಿಆರ್ ಮಾಸ್ಟರ್‌ಗಳನ್ನು ಸಾಮಾನ್ಯವಾಗಿ 1000 ಅಥವಾ 4000 ನಿಟ್‌ಗೆ ಹೊಂದಿಸುತ್ತಾರೆ. ಸ್ಫೋಟದ ನಡುಭಾಗ ಮೊದಲು ಬರಿಯ ಬಿಳಿ ಮಚ್ಚೆಯಾಗಿದ್ದರೆ, ಈಗ ಅದರೊಳಗೆ ಹಳದಿ, ಕಿತ್ತಳೆ, ಕೆಂಪು ಪದರಗಳು ತೋರುತ್ತವೆ.

ಇಷ್ಟೆಲ್ಲ ಇದ್ದರೂ ಮೂಲ ಚೆನ್ನಾಗಿರಬೇಕು. ಕ್ಯಾಮೆರಾದೊಳಗೆ ಓಡಿದ ನೆಗೆಟಿವ್‌ನಿಂದ ಇಂಟರ್‌ಪಾಸಿಟಿವ್ ಎಂಬ ನಡುವಿನ ಪ್ರತಿ, ಅದರಿಂದ ಇನ್ನೊಂದು ನೆಗೆಟಿವ್, ಅದರಿಂದ ಚಿತ್ರಮಂದಿರದ ಪ್ರಿಂಟ್ ಎಂದು ಫಿಲಂ ತಲೆಮಾರು ತಲೆಮಾರಾಗಿ ಇಳಿಯುತ್ತದೆ, ಪ್ರತಿ ತಲೆಮಾರಿನಲ್ಲೂ ಒಂದಷ್ಟು ವಿವರ ಸೋರಿಹೋಗುತ್ತದೆ. ಹಳೆಯ ಡಿವಿಡಿಗಳಲ್ಲಿ ಎಷ್ಟೋ ಪ್ರಿಂಟ್‌ನಿಂದಲೋ ಇಂಟರ್‌ಪಾಸಿಟಿವ್‌ನಿಂದಲೋ ಮಾಡಿದವು. 2000ದ ನಂತರದ ಆಕ್ಷನ್ ಚಿತ್ರಗಳಿಗೆ ಬೇರೆಯೇ ತೊಡಕು. ಫಿಲಂ ಮೇಲೆ ತೆಗೆದವಾದರೂ ಅವುಗಳಲ್ಲಿ ಬಹಳಷ್ಟನ್ನು ಅಗಲಕ್ಕೆ ಸುಮಾರು ಎರಡು ಸಾವಿರ ಚುಕ್ಕೆಗಳ 2ಕೆ ಗಾತ್ರದಲ್ಲಿ ಕಂಪ್ಯೂಟರಿಗೆ ಏರಿಸಿ, ಗ್ರಾಫಿಕ್ಸ್‌ ಕೂಡ ಅದೇ ಗಾತ್ರದಲ್ಲಿ ಮಾಡಿ ಮುಗಿಸಿದರು. ಅಂಥ ಚಿತ್ರದ 4ಕೆ ಡಿಸ್ಕ್ ಎಂದರೆ 2ಕೆ ಚಿತ್ರವನ್ನು ಹಿಗ್ಗಿಸಿದ್ದು. ಫಿಲಂನಲ್ಲೇ ಮುಗಿದ 1980ರ ದಶಕದ ಚಿತ್ರ, ನೆಗೆಟಿವ್ ಉಳಿದಿದ್ದರೆ, ಅದಕ್ಕಿಂತ ಹೆಚ್ಚು ವಿವರ ಕೊಡಬಲ್ಲದು.

ಆ 'ಉಳಿದಿದ್ದರೆ' ಎಂಬ ಮಾತು ನಮ್ಮ ದೇಶದಲ್ಲಿ ತುಂಬ ಭಾರವಾದದ್ದು. ಅಸಿಟೇಟ್ ಫಿಲಂ ಶಾಖ ಮತ್ತು ತೇವದಲ್ಲಿ ಕೊಳೆಯತೊಡಗಿದರೆ ಡಬ್ಬಿ ತೆರೆದ ಕೂಡಲೇ ವಿನಿಗರ್ ವಾಸನೆ ಹೊಡೆಯುತ್ತದೆ, ಸುರುಳಿ ಕುಗ್ಗಿ ಸೊಟ್ಟಗಾಗುತ್ತದೆ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿ, 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ' ಚಿತ್ರದ ಮೂಲ ನೆಗೆಟಿವ್ ತೀವ್ರವಾಗಿ ಹಾಳಾಗಿತ್ತು. 35 ಎಂಎಂನಲ್ಲಿ ತೆಗೆದು 70 ಎಂಎಂಗೆ ಹಿಗ್ಗಿಸಿದ ಆ ಚಿತ್ರವನ್ನು ಹಳೆಯ ಚಿತ್ರಗಳನ್ನು ಕಾಪಾಡುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆಯು ಇಟಲಿಯ ಬೊಲೋನ್ಯಾ ನಗರದ ಪ್ರಯೋಗಾಲಯದೊಂದಿಗೆ ಸೇರಿ, ಉಳಿದಿದ್ದ ಇಂಟರ್‌ಪಾಸಿಟಿವ್‌ಗಳಿಂದ 4ಕೆಯಲ್ಲಿ ಪುನರುಜ್ಜೀವಗೊಳಿಸಿತು. 2025ರ ಜೂನ್‌ನಲ್ಲಿ ಅದೇ ಬೊಲೋನ್ಯಾದ ಬಯಲು ಪರದೆಯ ಮೇಲೆ, ಸೆನ್ಸಾರ್ ಕಾರಣದಿಂದ ಬದಲಾಯಿಸಿದ್ದ ಮೂಲ ಅಂತ್ಯದೊಂದಿಗೆ ಅದು ಪ್ರದರ್ಶನ ಕಂಡಿತು. ಅಷ್ಟು ಹೆಸರಾದ ಚಿತ್ರಕ್ಕೇ ಐವತ್ತು ವರ್ಷದಲ್ಲಿ ಈ ಗತಿ ಬಂದಿತ್ತೆಂದರೆ, ಹೆಸರು ಮಾಡದ ಕನ್ನಡದ ಸಾಹಸ ಚಿತ್ರಗಳ ನೆಗೆಟಿವ್‌ಗಳು ಯಾವ ಸ್ಥಿತಿಯಲ್ಲಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಬಣ್ಣದ ವಿಷಯದಲ್ಲೂ ಡಿಸ್ಕ್ ಡಿಸ್ಕಿಗೆ ಅಂತರವಿದೆ. 1999ರ 'ಮೇಟ್ರಿಕ್ಸ್' ಮುಂದಿನ ಭಾಗಗಳಿಗೆ ಹೊಂದಲೆಂದು ನಡುವಿನ ಆವೃತ್ತಿಗಳಲ್ಲಿ ಹಸಿರಿನಲ್ಲಿ ಅದ್ದಿದಂತಾಗಿತ್ತು. 2018ರ 4ಕೆ ಆವೃತ್ತಿಯನ್ನು ಮೂಲ ನೆಗೆಟಿವ್‌ನಿಂದ, ಛಾಯಾಗ್ರಾಹಕ ಬಿಲ್ ಪೋಪ್ ಅವರ ಮೇಲ್ವಿಚಾರಣೆಯಲ್ಲಿ ಮಾಡಿದಾಗ ಚರ್ಮದ ಬಣ್ಣ ಮರಳಿ ಬಂತು. 'ದಿ ಫ್ರೆಂಚ್ ಕನೆಕ್ಷನ್' ಚಿತ್ರದ 2009ರ ಬ್ಲೂ-ರೇಗೆ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಹೊಸ ಬಣ್ಣ ಹೊಂದಿಸಿದ್ದರು. ಅದನ್ನು ಚಿತ್ರೀಕರಿಸಿದ ಓವನ್ ರಾಯ್ಜ್‌ಮನ್ ಬಹಿರಂಗವಾಗಿಯೇ ಆಕ್ಷೇಪಿಸಿದರು. 2012ರಲ್ಲಿ ಬೇರೆ ಆವೃತ್ತಿ ಬಂತು. ಪರದೆಯ ಆಕಾರದ ಮಾತು ಈಗ ಹಳೆಯದಾದರೂ ಹೇಳಬೇಕು: ಸಿನಿಮಾಸ್ಕೋಪ್ ಚಿತ್ರವನ್ನು ಹಳೆಯ ಚೌಕ ಟಿವಿಗೆ ತುಂಬುವಂತೆ ಕತ್ತರಿಸಿದಾಗ ನೂರಕ್ಕೆ ಸುಮಾರು 44 ಪಾಲು ಚಿತ್ರ ಹೊರಗೆ ಉಳಿಯುತ್ತಿತ್ತು, ಒಂದು ಅಂಚಿನಿಂದ ಹೊಡೆಯುವವನು ಕಂಡರೆ ಇನ್ನೊಂದು ಅಂಚಿನಲ್ಲಿ ಏಟು ತಿನ್ನುವವನು ಕಾಣುತ್ತಿರಲಿಲ್ಲ.

ಈಗ ಡಿಸ್ಕ್ ಕೊಳ್ಳುವವರು ಕಡಿಮೆ, ಬಹುತೇಕ ಎಲ್ಲರೂ ನೋಡುವುದು ಇಂಟರ್ನೆಟ್ ಮೂಲಕ. 4ಕೆ ಸ್ಟ್ರೀಮಿಂಗ್‌ಗೆ ನೆಟ್‌ಫ್ಲಿಕ್ಸ್ ಸೂಚಿಸುವ ಸಂಪರ್ಕ ಸೆಕೆಂಡಿಗೆ 15 ಮೆಗಾಬಿಟ್. ಆ ವೇಗದಲ್ಲಿ ಎರಡು ಗಂಟೆಗೆ ಬರುವ ಮಾಹಿತಿ ಪೂರ್ತಿ ಬಳಕೆಯಾದರೂ 13.5 ಜಿಬಿ ಮಾತ್ರ. ಅದೇ ಚಿತ್ರಕ್ಕೆ 4ಕೆ ಡಿಸ್ಕಿನಲ್ಲಿ 66 ಅಥವಾ 100 ಜಿಬಿ ಜಾಗವಿರುತ್ತದೆ. ಹಗಲು ಬೆಳಕಿನ ಸಂಭಾಷಣೆಯಲ್ಲಿ ಎರಡಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. 'ಕೆಜಿಎಫ್' ಚಿತ್ರಗಳ ಗಣಿಯ ದೃಶ್ಯಗಳಂತೆ ಮಸಿ ಬಳಿದ ಮುಖಗಳು, ತೇಲುವ ಧೂಳು, ಕಪ್ಪಿನೊಳಗೆ ಇನ್ನೂ ಕಪ್ಪು ಇರುವಲ್ಲಿ ಮಾತ್ರ ಕಡಿಮೆ ಬಿಟ್‌ರೇಟ್ ತನ್ನ ಬಡತನ ತೋರಿಸುತ್ತದೆ: ಧೂಳು ಕಲೆಯಾಗುತ್ತದೆ, ನೆರಳು ಒಂದೇ ತೇಪೆಯಾಗುತ್ತದೆ. 2018ರಲ್ಲಿ ರೂಪುಗೊಂಡ ಎವಿ1 ಎಂಬ ಕಂಪ್ರೆಷನ್ ವಿಧಾನದಲ್ಲಿ ಗ್ರೇನನ್ನು ಮೊದಲೇ ಬೇರ್ಪಡಿಸಿ, ಅದರ ಸ್ವಭಾವವನ್ನಷ್ಟೇ ಬರೆದು ಕಳಿಸಿ, ನಮ್ಮ ಟಿವಿಯಲ್ಲಿ ಅದೇ ಬಗೆಯ ಗ್ರೇನನ್ನು ಹೊಸದಾಗಿ ಹುಟ್ಟಿಸುವ ವ್ಯವಸ್ಥೆ ಇದೆ. ಮೂಲ ಕಣಗಳು ಅವಲ್ಲ, ನಿಜ. ಆದರೆ ಮೇಣದ ಮುಖಕ್ಕಿಂತ ಇದು ಎಷ್ಟೋ ಮೇಲು.

ಕೊನೆಯ ತಿರುವು ನಮ್ಮ ಮನೆಯೊಳಗೇ ಇದೆ. ಅಂಗಡಿಯಿಂದ ಬರುವ ಹೆಚ್ಚಿನ ಟಿವಿಗಳಲ್ಲಿ ಫ್ರೇಮ್‌ಗಳ ನಡುವೆ ಕೃತಕ ಫ್ರೇಮ್‌ಗಳನ್ನು ಸೇರಿಸಿ ಚಲನೆಯನ್ನು ಜಾರುವಂತೆ ಮಾಡುವ ಸೌಲಭ್ಯ ಮೊದಲೇ ಆನ್ ಆಗಿರುತ್ತದೆ. ಕ್ರಿಕೆಟ್‌ಗೆ ಅದು ಸರಿ, 24 ಫ್ರೇಮ್‌ಗಳ ಲಯದಲ್ಲಿ ಕಟ್ಟಿದ ಹೊಡೆದಾಟ ಅದರಿಂದ ಧಾರಾವಾಹಿಯ ಸೆಟ್‌ನಂತೆ ಕಾಣುತ್ತದೆ. 2018ರ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ವಿಡಿಯೊ ಮಾಡಿ ಅದನ್ನು ಆಫ್ ಮಾಡಿರೆಂದು ಕೇಳಿಕೊಂಡಿದ್ದರು. 'ಫಿಲ್ಮ್‌ಮೇಕರ್ ಮೋಡ್' ಇರುವ ಟಿವಿಯಲ್ಲಿ ಅದೊಂದನ್ನು ಆರಿಸಿದರೆ ಇಂಥವೆಲ್ಲ ಒಟ್ಟಿಗೇ ನಿಲ್ಲುತ್ತವೆ. ಇಲ್ಲದಿದ್ದರೆ ಆ ಸೌಲಭ್ಯವನ್ನು ಆಫ್ ಮಾಡುವುದರ ಜೊತೆಗೆ 'ನಾಯ್ಸ್ ರಿಡಕ್ಷನ್' ಮತ್ತು 'ಶಾರ್ಪ್‌ನೆಸ್' ಎರಡನ್ನೂ ನಾವೇ ಇಳಿಸಬೇಕು. 'ಪ್ರಿಡೇಟರ್'ನ ಎರಡನೆಯ ಡಿಸ್ಕಿಗೆ ಆದದ್ದನ್ನೇ ಅವು ಒಳ್ಳೆಯ ಡಿಸ್ಕಿಗೂ ಮಾಡಿಬಿಡುತ್ತವೆ.

ದಾವಣಗೆರೆಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ 'ಶೋಲೆ' ಹಾಕಿದ್ದಾಗ ಈ ಮೂರನ್ನೂ ನಾನು ಒಂದೊಂದಾಗಿ ಆಫ್ ಮಾಡಿದೆ. "ಚಿತ್ರ ಮಂಕಾತಲ್ಲೋ, ಮೊದಲಿನಂಗೇ ಇಡು" ಎಂದರು. ಹತ್ತು ನಿಮಿಷ ಹೀಗೇ ನೋಡಿ ಚಿಕ್ಕಪ್ಪ, ಆಮೇಲೆ ಬೇಡವೆಂದರೆ ಬದಲಾಯಿಸುತ್ತೇನೆ ಎಂದೆ. ಕುದುರೆಗಳು ಬಂಡೆಗಳ ಸಂದಿಯಿಂದ ಹೊರಬರುವ ದೃಶ್ಯಕ್ಕೆ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಮಳೆ ನೀರು ಇಳಿದು ಇಳಿದು ಬಂಡೆ ಮ್ಯಾಲೆ ಕರೇ ಗೆರೆ ಬಿದ್ದಾವಲ್ಲ, ಅವು ಕಾಣಾಕತ್ತಾವು ನೋಡು" ಎಂದರು.